ಹಳ್ಳದಾಚೆಯ ರಾಜ್ಯ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನದಲ್ಲಿ ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ವಿದ್ಯಾರ್ಥಿನಿಯರ ಶಿಸ್ತು ಇವುಗಳ ವಿಚಾರವಿರಬೇಕೆಂದು ವಾಚಕರು ಎಣಿಸುವುದು ಸಹಜ. ಅವುಗಳಿಗೆಲ್ಲ ಈ ಸಂಚಿಕೆಯಲ್ಲಿ ಬೇರೆ ಪುಟಗಳಿವೆ. ಬಾಲಕಿಯರ ಕಲ್ಪನಾಶಕ್ತಿ ಮತ್ತು ಅವರ ಸ್ನೇಹ ಎಂಬ ಎರಡು ವಿಷಯಗಳನ್ನು ಕುರಿತು ಕೆಲವು ಮಾತುಗಳನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ನಾನು ಅಪೇಕ್ಷಿಸುತ್ತೇನೆ. ಇದಕ್ಕೆ ನಿಮಿತ್ತವಾದದ್ದು, ನಮ್ಮ ಮೇಲಿನ ತರಗತಿಗಳವರಿಗೆ ಶಾಲೆಯಲ್ಲಿ ತೋರಿಸಿದ ಒಂದು ಚಲಚ್ಚಿತ್ರ.

ಆ ಚಿತ್ರದ ಹೆಸರು ‘ಬ್ರಿಡ್ಜ್ ಟು ಟೆರಬಿಥಿಯ’. ಟೆರಬಿಥಿಯಕ್ಕೆ ಹೋಗುವ ಸೇತುವೆ ಎಂದು ಅದರ ಅರ್ಥ. ೨೦೦೭ರಲ್ಲಿ ತೆರೆಗೆ ಬಂದ ಈ ಚಿತ್ರಕ್ಕೆ ಮೂಲ, ಕ್ಯಾಥರಿನ್ ಪ್ಯಾಟರ್ಸನ್ ಎಂಬ ಅಮೆರಿಕದ ಲೇಖಕಿಯು ೧೯೭೭ರಲ್ಲಿ ಪ್ರಕಟಿಸಿದ ಕಾದಂಬರಿ. ಈಕೆ ಚೀನಾ ದೇಶದಲ್ಲಿ ಮಿಷನರಿ ದಂಪತಿಗಳ ಮಗಳಾಗಿ ೧೯೩೨ರಲ್ಲಿ ಹುಟ್ಟಿದವರು. ಆಕೆಯ ಮಗನ ಎಳೆಯ ಗೆಳತಿಯೊಬ್ಬಳು ೧೯೭೪ರಲ್ಲಿ ಸಿಡಿಲು ಬಡಿದು ತೀರಿಕೊಂಡಳು. ಮಗನ ದುಃಖಕ್ಕೆ ಅರ್ಥ ಹುಡುಕುತ್ತ ತಾಯಿಯು ಆ ಪುಸ್ತಕವನ್ನು ಬರೆದರು. ಮುಂದೆ ಚಿತ್ರಕಥೆಯನ್ನು ರಚಿಸುವುದರಲ್ಲಿ ಆ ಮಗನೂ ಕೈಗೂಡಿಸಿದನು.

ಕತೆಯು ಸರಳವಾದುದು. ಜೆಸ್ ಎಂಬವನು ಬಡ ಮನೆಯ ಹುಡುಗ. ಅಕ್ಕತಂಗಿಯರ ನಡುವೆ ಒಬ್ಬನೇ ಗಂಡುಮಗ. ಕದ್ದುಮುಚ್ಚಿ ಚಿತ್ರ ಬರೆಯುವವನು. ಶಾಲೆಗೆ ಹೊಸದಾಗಿ ಬಂದ ಲೆಸ್ಲಿ ಎಂಬ ಹುಡುಗಿ ಓಟದಲ್ಲಿ ಹುಡುಗರನ್ನೆಲ್ಲ ಸೋಲಿಸುತ್ತಾಳೆ. ಇಬ್ಬರೂ ಸ್ನೇಹಿತರಾಗುತ್ತಾರೆ. ಹಗ್ಗವೊಂದನ್ನು ಹಿಡಿದು ಹಳ್ಳವನ್ನು ಜೀಕಿ ದಾಟಿ, ಆಚೆಯ ಕಾಡಿನಲ್ಲಿ ತಮ್ಮದೇ ಒಂದು ರಾಜ್ಯವನ್ನು ಕಲ್ಪಿಸಿಕೊಳ್ಳುತ್ತಾರೆ. ಮರಗಳು ದೈತ್ಯರಾಗುತ್ತವೆ, ಅಳಿಲುಗಳು ಶತ್ರುಗಳಾಗುತ್ತವೆ. ಒಂದು ದಿನ ಜೆಸ್ ಊರಲ್ಲಿಲ್ಲದ ವೇಳೆ, ಮಳೆಯಿಂದ ಉಬ್ಬಿದ ಹಳ್ಳವನ್ನು ಲೆಸ್ಲಿ ಒಬ್ಬಳೇ ದಾಟಲು ಹೋಗುತ್ತಾಳೆ. ಹಗ್ಗವು ಹರಿಯುತ್ತದೆ. ಗೆಳತಿಯನ್ನು ಕಳೆದುಕೊಂಡ ಹುಡುಗನು ಕೊನೆಯಲ್ಲಿ ಆ ಹಳ್ಳಕ್ಕೆ ಮರದ ಸೇತುವೆಯನ್ನು ಕಟ್ಟಿ, ತನ್ನ ಪುಟ್ಟ ತಂಗಿಯ ಕೈಹಿಡಿದು ಆಚೆಯ ದಡಕ್ಕೆ ಕರೆದೊಯ್ಯುತ್ತಾನೆ.

ಚಿತ್ರವನ್ನು ತೋರಿಸಿದ ಬಳಿಕ ಕೆಲವು ಪೋಷಕರು ನನ್ನ ಬಳಿಗೆ ಮೂರು ಆಕ್ಷೇಪಣೆಗಳನ್ನು ತಂದರು. ಇಲ್ಲದ ರಾಜ್ಯವನ್ನು ಇದೆಯೆಂದು ನಂಬಿಸುವುದರಿಂದ ಓದು ಕೆಡುವುದೆಂಬುದು ಮೊದಲನೆಯದು. ಹುಡುಗ ಹುಡುಗಿಯರು ಜೊತೆಯಾಗಿ ಕಾಡು ಸುತ್ತುವುದನ್ನು ಹೆಣ್ಣುಮಕ್ಕಳ ಶಾಲೆಯಲ್ಲಿ ತೋರಿಸಬಹುದೇ ಎಂಬುದು ಎರಡನೆಯದು. ಎಳೆಯರಿಗೆ ಮರಣದ ಕತೆ ಏಕೆ ಎಂಬುದು ಮೂರನೆಯದು. ಮಗಳ ಹಿತವನ್ನು ಬಯಸಿ ಕೇಳಿದ ಪ್ರಶ್ನೆಗಳಾದುದರಿಂದ ಇವು ಮೂರಕ್ಕೂ ಉತ್ತರ ಸಲ್ಲತಕ್ಕದ್ದು.

ಮೊದಲನೆಯ ಆಕ್ಷೇಪಣೆಗೆ ಉತ್ತರವನ್ನು ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲಿಯೂ ಇಲ್ಲ. ಅದು ಆರ್. ಕೆ. ನಾರಾಯಣರ ಮನಸ್ಸಿಗೆ ಮೊದಲು ಹೊಳೆದದ್ದು ಒಂದು ಸಣ್ಣ ರೈಲ್ವೆ ನಿಲ್ದಾಣದ ರೂಪದಲ್ಲಿ. ಸ್ವಾಮಿ, ಮಣಿ, ರಾಜಂ ಎಂಬ ಮೂವರು ಹುಡುಗರ ಸ್ನೇಹವನ್ನು ಹೇಳುವ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯು ೧೯೩೫ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ತರುವಾಯ ಶಂಕರ್ ನಾಗ್ ಅವರು ಅದನ್ನು ದೂರದರ್ಶನಕ್ಕಾಗಿ ಚಿತ್ರಿಸಲು ಹೊರಟಾಗ, ಎಲ್ಲಿಯೂ ಇಲ್ಲದ ಆ ಊರು ಅವರಿಗೆ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಸಿಕ್ಕಿತು. ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣವು ಮಾಲ್ಗುಡಿಯ ನಿಲ್ದಾಣವಾಯಿತು. ೨೦೨೦ರಲ್ಲಿ ರೈಲ್ವೆಯವರು ಅದೇ ಅರಸಾಳಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ಸಂಗ್ರಹಾಲಯವನ್ನಾಗಿ ಮಾಡಿದರು. ಒಬ್ಬರ ಕಲ್ಪನೆಯಲ್ಲಿ ಹುಟ್ಟಿದ ನಿಲ್ದಾಣವು ಕಲ್ಲು ಗಾರೆಯ ನಿಲ್ದಾಣಕ್ಕೆ ಹೆಸರು ಕೊಟ್ಟ ಸಂಗತಿಯು ನಮ್ಮ ಕಣ್ಣೆದುರಿಗೇ ಇದೆ.

ಕುಪ್ಪಳ್ಳಿಯ ದೃಷ್ಟಾಂತವು ಇದಕ್ಕಿಂತಲೂ ಹತ್ತಿರದ್ದು. ೧೯೦೪ರಲ್ಲಿ ಹುಟ್ಟಿದ ಒಬ್ಬ ಬಾಲಕನು ಅಲ್ಲಿಯ ಮನೆಯಲ್ಲಿ ಬೆಳೆದು, ಕಾಡು ಗುಡ್ಡಗಳನ್ನು ಅಲೆದು, ತೀರ್ಥಹಳ್ಳಿಯಲ್ಲಿಯೂ ಆಮೇಲೆ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿಯೂ ಓದಿ, ಕುವೆಂಪು ಎಂದು ನಾಡಿಗೆ ಪರಿಚಿತರಾದರು. ಇಂಗ್ಲೆಂಡಿನ ಕವಿ ಬ್ರೌನಿಂಗನು ೧೮೪೨ರಲ್ಲಿ ಪ್ರಕಟಿಸಿದ ಕೊಳಲುಗಾರನ ಕತೆಯನ್ನು ಅವರು ಮಕ್ಕಳಿಗಾಗಿ ಕನ್ನಡಕ್ಕೆ ತಂದಾಗ, ಜರ್ಮನಿಯ ಹ್ಯಾಮೆಲಿನ್ ಪಟ್ಟಣವು ಬೊಮ್ಮನಹಳ್ಳಿಯಾಯಿತು; ವೇಸರ್ ನದಿಯ ದಡವು ತುಂಗೆಯ ದಡವಾಯಿತು. ಸ್ವಂತ ಹೊಳೆಯನ್ನು ಮನಸಾರೆ ನೋಡಿದವರಿಗೆ ಮಾತ್ರ ಪರದೇಶದ ಹೊಳೆಯನ್ನು ಹೀಗೆ ಮನೆಗೆ ಕರೆತರಲು ಸಾಧ್ಯ. ಕಲ್ಪನೆಯು ಇರುವ ಲೋಕದಿಂದ ಓಡಿಹೋಗುವ ದಾರಿಯೆಂದು ಶಂಕಿಸುವವರು ಕವಿಶೈಲವನ್ನು ಏರಿ ಒಂದು ಸಂಜೆ ಕುಳಿತು ನೋಡಬೇಕು. ಇರುವುದನ್ನೇ ಇನ್ನಷ್ಟು ಚೆನ್ನಾಗಿ ಕಾಣುವ ಕಣ್ಣು ಅದು ಎಂಬುದು ಅವರಿಗೆ ಮನವರಿಕೆಯಾದೀತು.

ಉಪಾಧ್ಯಾಯಿನಿಯಾಗಿ ನಾನು ಕಂಡುಕೊಂಡ ಇನ್ನೊಂದು ಸಂಗತಿಯುಂಟು. ಆ ಚಿತ್ರದಲ್ಲಿ ಕಿರಿಯರನ್ನು ಪೀಡಿಸುವ ಹಿರಿಯ ಹುಡುಗಿಯೊಬ್ಬಳಿದ್ದಾಳೆ. ಮಕ್ಕಳ ಕಾಡಿನಲ್ಲಿ ಆಕೆಯೇ ದೈತ್ಯಳಾಗಿ ಕಾಣುತ್ತಾಳೆ. ಆದರೆ ಆ ಹುಡುಗಿ ಒಂದು ದಿನ ಮರೆಯಲ್ಲಿ ನಿಂತು ಅಳುವುದನ್ನು ಕೇಳಿದಾಗ ಅವಳ ಬಳಿಗೆ ಹೋಗುವವಳು ಲೆಸ್ಲಿಯೇ. ಅವಳಿಗೆ ಮನೆಯಲ್ಲಿ ಎಂಥ ನೋವಿದೆಯೆಂಬುದನ್ನು ತಿಳಿಯುವವಳೂ ಲೆಸ್ಲಿಯೇ. ಮರದಲ್ಲಿ ದೈತ್ಯನನ್ನು ಕಾಣಬಲ್ಲ ಮಗುವು ದೈತ್ಯಳಲ್ಲಿ ನೊಂದ ಹುಡುಗಿಯನ್ನೂ ಕಾಣಬಲ್ಲುದು. ಪರರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಲು ಬಾರದವಳಿಗೆ ದಯೆಯನ್ನು ಯಾವ ಪಾಠಪುಸ್ತಕವೂ ಕಲಿಸಲಾರದು. ಸುಳ್ಳು ಹೇಳುವವಳು ಕೇಳುವವರನ್ನು ವಂಚಿಸುತ್ತಾಳೆ. ಕಲ್ಪಿಸುವವಳು ಯಾರನ್ನೂ ವಂಚಿಸುವುದಿಲ್ಲ. ಈ ಭೇದವನ್ನು ನಮ್ಮ ಬಾಲಕಿಯರು ಬಲ್ಲರು. ನಾವೂ ಅರಿತಿರುವುದು ಒಳ್ಳೆಯದು.

ಎರಡನೆಯ ಆಕ್ಷೇಪಣೆಗೆ ನನ್ನ ಉತ್ತರವು ಚಿಕ್ಕದು. ಆ ಚಿತ್ರದ ಮಕ್ಕಳು ನಿಜವಾಗಿ ಮಕ್ಕಳೇ; ಅವರ ಸ್ನೇಹದಲ್ಲಿ ನಾಚಬೇಕಾದದ್ದು ಏನೂ ಇಲ್ಲ. ಸ್ನೇಹವೆಂದೊಡನೆ ಕಳಂಕವನ್ನು ನೆನೆಯುವ ಅಭ್ಯಾಸವನ್ನು ಎಳೆಯ ಮಗಳಿಗೆ ಕಲಿಸಿದ್ದಾದರೆ, ಮುಂದೆ ನಿಜವಾದ ಕೇಡು ಎದುರಾದಾಗ ಅವಳು ತಾಯಿಯ ಹತ್ತಿರ ಬಾಯಿಬಿಟ್ಟು ಹೇಳುವ ಧೈರ್ಯವನ್ನೂ ಕಳೆದುಕೊಳ್ಳುವಳು. ನನ್ನನ್ನು ಹೆಚ್ಚಾಗಿ ಕಾಡುವ ಪ್ರಶ್ನೆಯೇ ಬೇರೆ. ನಮ್ಮ ಕನ್ನಡದ ಬಾಲಕಿಗೆ ಹಳ್ಳದಾಚೆಗೆ ಹೋಗುವ ಅವಕಾಶವನ್ನು ಯಾರು ಕೊಟ್ಟಿದ್ದಾರೆ?

ನಮ್ಮ ಕತೆಗಳನ್ನು ನೋಡಿರಿ. ಮಾಲ್ಗುಡಿಯಲ್ಲಿ ಹೊಳೆಯ ದಂಡೆಗೆ ಹೋಗುವವರು, ಕ್ರಿಕೆಟ್ ತಂಡ ಕಟ್ಟುವವರು, ಕಾಡಿನ ರಸ್ತೆಯಲ್ಲಿ ದಾರಿ ತಪ್ಪುವವರು ಎಲ್ಲರೂ ಹುಡುಗರು. ೧೯೮೫ರ ‘ಬೆಟ್ಟದ ಹೂವು’ ಚಿತ್ರದಲ್ಲಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವನ್ನು ಕೊಳ್ಳಲು ಹೂ ಮಾರಿ ಕಾಸು ಕೂಡಿಡುವವನೂ, ಕೊನೆಗೆ ಆ ಹಣದಿಂದ ಮನೆಯವರಿಗೆ ಕಂಬಳಿಯನ್ನು ತರುವವನೂ ಒಬ್ಬ ಹುಡುಗ. ಪುನೀತ್ ಅವರಿಗೆ ಬಾಲನಟರೆಂದು ರಾಷ್ಟ್ರಪ್ರಶಸ್ತಿಯನ್ನು ತಂದ ಆ ಚಿತ್ರವನ್ನು ನಾನು ಪ್ರೀತಿಯಿಂದ ನೋಡಿದ್ದೇನೆ. ಆದರೂ ಆ ವಯಸ್ಸಿನಲ್ಲಿ ಹುಡುಗಿಯರು ಎಲ್ಲಿದ್ದರು ಎಂದು ಕೇಳಬೇಕೆನಿಸುತ್ತದೆ. ಅವರು ಮನೆಯೊಳಗಿದ್ದರು. ಇಂದಿಗೂ ಬಹುಮಟ್ಟಿಗೆ ಅಲ್ಲಿಯೇ ಇದ್ದಾರೆ.

ಮಲೆನಾಡಿನ ಮನೆಗಳು ಒಂಟಿ ಮನೆಗಳು. ಅಡಕೆ ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡದಾಚೆ ಮತ್ತೊಂದು. ಬೇರೆ ಊರುಗಳ ಮಕ್ಕಳಿಗೆ ಬೀದಿಯಲ್ಲಿ ಗೆಳತಿಯರು ದೊರೆತರೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಮಾತ್ರ ದೊರೆಯುತ್ತಾರೆ. ಬೇಸಿಗೆಯ ರಜೆ ಬಂದಿತೆಂದರೆ ಎರಡು ತಿಂಗಳು ಗೆಳತಿಯ ಮುಖವಿಲ್ಲ. ಮಗನು ಸೈಕಲ್ಲು ಹತ್ತಿ ಹೋದಾನು. ಮಗಳಿಗೆ ಹನ್ನೆರಡು ತುಂಬಿತೆಂದರೆ ‘ಎಲ್ಲಿಗೆ, ಏಕೆ, ಯಾರ ಜೊತೆ’ ಎಂಬ ಪ್ರಶ್ನೆಗಳು ಬಾಗಿಲಲ್ಲಿ ನಿಲ್ಲುತ್ತವೆ. ತಮ್ಮನನ್ನು ಆಡಿಸುವುದು, ಅಡಿಗೆಮನೆಯ ಕೆಲಸ, ಟ್ಯೂಷನ್ನು ಇವುಗಳಲ್ಲಿ ಸಂಜೆ ಕಳೆಯುತ್ತದೆ. ಉಳಿದ ಹೊತ್ತನ್ನು ಮೊಬೈಲಿಗೆ ಕೊಟ್ಟು, ಮಗಳು ಮನೆಯಲ್ಲಿಯೇ ಕ್ಷೇಮವಾಗಿದ್ದಾಳೆಂದು ನಾವು ಸಮಾಧಾನ ಪಡುತ್ತೇವೆ. ಮೊಬೈಲಿನ ತೆರೆಯು ಸಿದ್ಧಪಡಿಸಿದ ಕನಸನ್ನು ಉಣಿಸುತ್ತದೆ. ಮಗುವು ತಾನೇ ಕನಸನ್ನು ಕಟ್ಟಲು ಬಿಡುವು ಬೇಕು, ಜೊತೆಗೊಬ್ಬ ಗೆಳತಿ ಬೇಕು, ಹಿರಿಯರ ಕಣ್ಣು ಸದಾ ಬೀಳದ ಒಂದು ಮರದ ನೆರಳು ಬೇಕು.

ಇನ್ನು ಮರಣದ ವಿಚಾರ. ಹಳ್ಳವೆಂದರೆ ಏನೆಂಬುದನ್ನು ನಮ್ಮ ಮಕ್ಕಳಿಗೆ ಚಲಚ್ಚಿತ್ರವು ಕಲಿಸಬೇಕಾಗಿಲ್ಲ. ಅಡಕೆಯ ಮರವನ್ನೋ ಕಾಡುಮರದ ದಿಮ್ಮಿಯನ್ನೋ ಅಡ್ಡ ಹಾಕಿದ ಕಾಲುಸಂಕವನ್ನು ದಾಟಿ ಶಾಲೆಗೆ ಬರುವ ಬಾಲಕಿಯರು ಇಂದಿಗೂ ಇದ್ದಾರೆ. ಘಟ್ಟದ ಮೇಲೆಯೂ ಕೆಳಗೆಯೂ, ಮಳೆಗಾಲದಲ್ಲಿ ಮಕ್ಕಳು ಸಂಕದಿಂದ ಜಾರಿ ನೀರುಪಾಲಾದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ತಾಯಂದಿರ ಭಯವು ನಿರಾಧಾರವಾದುದೆಂದು ನಾನು ಎಂದಿಗೂ ಹೇಳಲಾರೆ. ಆದರೆ ಮರಣವನ್ನು ಕಂಡ ಮಗುವಿಗೆ ಅದರ ವಿಷಯ ಮಾತನಾಡಲು ಅವಕಾಶವಿರಬೇಕು. ತರಗತಿಯಲ್ಲಿ ಒಂದು ಆಸನವು ಬರಿದಾದರೆ, ಪಕ್ಕದಲ್ಲಿ ಕುಳಿತಿದ್ದವಳ ದುಃಖವನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ‘ನೀನು ಸಂಬಂಧಿಕಳೇ?’ ಎಂದು ಕೇಳುವವರೂ ಉಂಟು. ಸ್ನೇಹವೂ ಒಂದು ಸಂಬಂಧವೇ. ಆ ಚಿತ್ರದಲ್ಲಿ ಅಷ್ಟೊಂದು ಕಠಿಣನಂತೆ ತೋರುವ ತಂದೆಯು ಮಗನನ್ನು ಅಪ್ಪಿಕೊಂಡು ಸಂತೈಸುವ ಭಾಗವನ್ನು ನೋಡಿ ನಮ್ಮ ಬಾಲಕಿಯರಲ್ಲಿ ಹಲವರು ಅತ್ತರು. ಆ ಅಳುವಿನಿಂದ ಅವರಿಗೆ ಯಾವ ಹಾನಿಯೂ ಆಗಲಿಲ್ಲ.

ಅಗಲಿಕೆಯು ಮರಣದಿಂದ ಮಾತ್ರ ಬರುವುದಿಲ್ಲ. ನಾರಾಯಣರ ಕಾದಂಬರಿಯ ಕೊನೆಯಲ್ಲಿ ತಂದೆಗೆ ವರ್ಗವಾಗಿ ರಾಜಂ ಊರು ಬಿಡುತ್ತಾನೆ. ಮುನಿದ ಗೆಳೆಯನಿಗೆ ಕೊಡಲು ಸ್ವಾಮಿಯು ರೈಲ್ವೆ ನಿಲ್ದಾಣಕ್ಕೆ ಓಡಿ ತರುವ ಉಡುಗೊರೆಯು ಆಂಡರ್ಸನ್ನನ ಕಿನ್ನರ ಕತೆಗಳ ಒಂದು ಸಣ್ಣ ಪುಸ್ತಕ. ಆ ಹುಡುಗನಿಗೆ ಸ್ನೇಹದ ಗುರುತಾಗಿ ಕತೆಯ ಪುಸ್ತಕಕ್ಕಿಂತ ಮಿಗಿಲಾದುದು ತೋಚಲಿಲ್ಲ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಷ್ಟು ಜನ ಹತ್ತನೆಯ ತರಗತಿಯ ಕೊನೆಯ ದಿನ ಕೈಕೈ ಹಿಡಿದು ಆಣೆ ಮಾಡಿ ಹೋಗಿ, ಮದುವೆಯಾದ ಬಳಿಕ ಆ ಕೈಗಳನ್ನು ಮತ್ತೆ ಮುಟ್ಟಿಲ್ಲ! ಗಂಡಸರ ಬಾಲ್ಯದ ಸ್ನೇಹವು ಊರಿನ ಅಂಗಡಿಯ ಕಟ್ಟೆಯ ಮೇಲೆ ಮುದಿತನದವರೆಗೂ ಬಾಳುತ್ತದೆ. ಹೆಂಗಸರದು ಹೊಸ ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಇದನ್ನು ಸಹಜವೆಂದು ನಾವು ಒಪ್ಪಿಕೊಂಡಿರುವುದು ನನಗೆ ಸರಿದೋರುವುದಿಲ್ಲ.

ಆದುದರಿಂದ ನನ್ನ ಬಿನ್ನಹಗಳು ಇಷ್ಟೆ. ರಜೆಯಲ್ಲಿ ಮಗಳ ಗೆಳತಿಯನ್ನು ನಾಲ್ಕು ದಿನ ಮನೆಗೆ ಕರೆಸಿರಿ. ನಿಮ್ಮ ಮಗಳನ್ನೂ ಅವರ ಮನೆಗೆ ಕಳುಹಿಸಿಕೊಡಿರಿ. ಮನೆಯವರು ಪರಸ್ಪರ ಪರಿಚಿತರಾದರೆ ಭಯವು ಅರ್ಧ ಕಡಿಮೆಯಾಗುವುದು. ದಿನಕ್ಕೊಂದು ಗಂಟೆಯನ್ನು, ಯಾವ ಕೆಲಸವನ್ನೂ ಹೇಳದೆ, ಅವಳಿಗೆ ಬಿಟ್ಟುಕೊಡಿರಿ. ಅವಳು ಹಲಸಿನ ಮರಕ್ಕೆ ಹೆಸರಿಟ್ಟರೆ ಆ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ಮಳೆಗಾಲದಲ್ಲಿ ಒಬ್ಬಳೇ ಹಳ್ಳಕ್ಕೆ ಇಳಿಯಕೂಡದೆಂಬ ನಿಯಮವು ಕಟ್ಟುನಿಟ್ಟಾಗಿರಲಿ. ಅದಕ್ಕೆ ಕಾರಣವನ್ನೂ ತಿಳಿಸಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಪಂಚಾಯಿತಿಯ ಸದಸ್ಯೆಯರಾಗಿರುವವರು, ಮುಂಗಾರಿಗೆ ಮುನ್ನ ತಮ್ಮ ಊರಿನ ಸಂಕಗಳನ್ನು ಕಣ್ಣಾರೆ ನೋಡಿ, ಶಿಥಿಲವಾದುವಕ್ಕೆ ಬದಲಾಗಿ ಕೈಪಿಡಿಯುಳ್ಳ ಗಟ್ಟಿ ಸೇತುವೆಗಾಗಿ ಒತ್ತಾಯಿಸಲಿ. ಉಳಿದವರು ತಮ್ಮ ಒಬ್ಬ ಬಾಲ್ಯದ ಗೆಳತಿಯನ್ನಾದರೂ ಈ ವರ್ಷ ಹುಡುಕಿಕೊಂಡು ಹೋಗಲಿ. ಹೋಗುವಾಗ ಮಗಳನ್ನು ಜೊತೆಗೆ ಕರೆದೊಯ್ಯಲಿ. ಸ್ನೇಹವು ಉಳಿಸಿಕೊಳ್ಳತಕ್ಕ ವಸ್ತುವೆಂಬುದನ್ನು ಅವಳು ನೋಡಿ ಕಲಿಯಲಿ.

ಹಗ್ಗ ಹರಿಯಿತೆಂದು ಆ ಕತೆಯಲ್ಲಿ ಯಾರೂ ಕಾಡಿಗೆ ಬೇಲಿ ಹಾಕಲಿಲ್ಲ. ನೊಂದ ಹುಡುಗನೇ ಮರ ಹೊತ್ತು ತಂದು, ತಂಗಿಯ ಕಾಲು ಜಾರದಂತೆ ಸೇತುವೆಯನ್ನು ಕಟ್ಟಿದನು. ಹೆಣ್ಣುಮಕ್ಕಳ ವಿಷಯದಲ್ಲಿ ಮನೆಗೂ ಶಾಲೆಗೂ ಇರುವ ಕರ್ತವ್ಯವು ಅದೇ ಎಂದು ನಾನು ನಂಬಿದ್ದೇನೆ. ಆಚೆಯ ದಡಕ್ಕೆ ಹೋಗಬೇಡವೆನ್ನುವುದು ಸುಲಭ. ಸಂಕವನ್ನು ಗಟ್ಟಿಮಾಡುವುದು ಶ್ರಮದ ಕೆಲಸ. ಆ ಶ್ರಮದಲ್ಲಿ ನೀವೆಲ್ಲರೂ ನಮ್ಮೊಡನೆ ಕೈಜೋಡಿಸಬೇಕೆಂದು ಪ್ರಾರ್ಥಿಸುತ್ತೇನೆ.