ಫೋನು ಬರುತ್ತದೆ, ಹೋಗುವುದಿಲ್ಲ

1984ರಲ್ಲಿ ಊರು ಬಿಟ್ಟು ಮುಂಬಯಿಗೆ ಬಂದಾಗ ನಾನು ಸೇರಿದ ಹೋಟೆಲಿನ ಗಲ್ಲಾದ ಪಕ್ಕ ಒಂದು ಕಪ್ಪು ಫೋನಿತ್ತು. ಅದರ ಡಯಲಿನ ತೂತಿಗೆ ಪುಟ್ಟದೊಂದು ಬೀಗ. ಹೊರಗಿನಿಂದ ಬಂದ ಫೋನು ಎತ್ತಬಹುದು, ಇಲ್ಲಿಂದ ಮಾಡುವ ಹಾಗಿಲ್ಲ. ಕೀಲಿ ಧಣಿಗಳ ಬನಿಯನ್ ಜೇಬಿನಲ್ಲಿ. ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು, ಅಂಥ ಬೀಗವನ್ನು ಮೋಸ ಮಾಡಲು ಕೊಕ್ಕೆಯನ್ನು ಟಕ್ ಟಕ್ ಎಂದು ಲೆಕ್ಕ ಹಾಕಿ ಕುಟ್ಟುವ ಕಲೆಯೊಂದಿತ್ತು. ನನಗದು ಬರುತ್ತಿತ್ತು, ಇರಲಿ ಬಿಡಿ!

ನಲವತ್ತು ವರ್ಷ ಕಳೆದ ಮೇಲೆ ಅದೇ ಬೀಗ ಮತ್ತೆ ಎದುರಾಯಿತು. ಈ ಸಲ ಕಣ್ಣಿಗೆ ಕಾಣುವ ಬೀಗವಲ್ಲ.

ನಾನೀಗ ಉಪನಗರದ ಒಂದು ಪೆಥಾಲಜಿ ಲ್ಯಾಬಿನಲ್ಲಿ ಆಡಳಿತ ನೋಡಿಕೊಳ್ಳುತ್ತೇನೆ. ನಡುವೆ ರಾತ್ರಿ ಶಾಲೆ, ಫೋರ್ಟಿನ ಒಂದು ಆಫೀಸಿನಲ್ಲಿ ಒಂಬತ್ತು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತದ್ದು ಎಲ್ಲ ಆಯಿತು. ಹಾಗಾಗಿ ಫೋನಿನ ವಿಷಯ ಬಂದರೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಲ್ಯಾಬಿನ ಫೋನುಗಳೆಲ್ಲ ಒಂದು ಕಂಪ್ಯೂಟರಿನಿಂದ ನಡೆಯುತ್ತವೆ. ಆಸ್ಟರಿಸ್ಕ್ ಎಂಬ ಉಚಿತ ಸಾಫ್ಟ್‌ವೇರು, ಅದರ ಮೇಲೆ ಫ್ರೀಪಿಬಿಎಕ್ಸ್ ಎಂಬ ಅಂಗಿ. ಹಳೆಯ ಯಂತ್ರದಲ್ಲಿ ಸೆಂಟ್‌ಓಎಸ್ 7 ಇತ್ತು. 2024ರ ಜೂನ್ 30ಕ್ಕೆ ಅದರ ಆಯುಷ್ಯ ಮುಗಿಯಿತು, ಇನ್ನು ಸೆಕ್ಯುರಿಟಿ ಅಪ್‌ಡೇಟ್ ಇಲ್ಲ. ಬದಲಾಯಿಸಲೇಬೇಕಿತ್ತು, ಅದರಲ್ಲಿ ತಕರಾರಿಲ್ಲ. ಆ ಅಕ್ಟೋಬರಿನ ಒಂದು ಶನಿವಾರ ರಾತ್ರಿ ವೆಂಡರಿನ ಹುಡುಗ ಬಂದು ಹಳೆಯದರ ಬ್ಯಾಕಪ್ ತೆಗೆದು ಹೊಸದಕ್ಕೆ ಸುರಿದ. ಭಾನುವಾರ ಬೆಳಿಗ್ಗೆ ತನ್ನ ಮೊಬೈಲಿನಿಂದ ಲ್ಯಾಬಿಗೆ ಫೋನ್ ಹಚ್ಚಿದ. ರಿಂಗಾಯಿತು. ರಿಸೆಪ್ಶನ್ನಿಗೆ ಹೋಯಿತು, ಸ್ಯಾಂಪಲ್ ರೂಮಿಗೆ ವರ್ಗವಾಯಿತು. "ಆಯ್ತು ಸಾರ್" ಅಂದ. ನಮ್ಮ ಡಾಕ್ಟರು ಸಾಹೇಬರು ಸಹಿ ಹಾಕಿದರು.

ನನ್ನ ಜಗಳ ಇರುವುದು ಈ ಸಹಿಯ ಜೊತೆ.

ಸೋಮವಾರ ಎಂಟೂವರೆಗೆ ಒಬ್ಬ ಕಿಡ್ನಿ ರೋಗಿಯ ಪೊಟ್ಯಾಷಿಯಂ 6.8 ಬಂತು. ಐದರ ಆಸುಪಾಸು ದಾಟಿದರೇ ಚಿಂತೆ, ಇದು ಹೃದಯದ ಬಡಿತಕ್ಕೇ ಅಪಾಯ. ಇಂಥ ಫಲಿತಾಂಶವನ್ನು ಕಾಗದಕ್ಕೆ ಕಾಯದೆ ಕೂಡಲೇ ಆ ಡಾಕ್ಟರಿಗೆ ಫೋನಿನಲ್ಲಿ ತಿಳಿಸಬೇಕು, ತಿಳಿಸಿದ್ದನ್ನು ಬರೆದಿಡಬೇಕು. ಲ್ಯಾಬುಗಳು ಪಾಲಿಸುವ ಐಎಸ್‌ಒ 15189 ಕೂಡ ಅದನ್ನೇ ಹೇಳುತ್ತದೆ. ರಿಸೆಪ್ಶನ್ನಿನ ಹುಡುಗಿ ನಂಬರು ಒತ್ತಿದಳು. ಇಂಗ್ಲಿಷಿನಲ್ಲಿ ಒಂದು ಹೆಣ್ಣುದನಿ, ಎಲ್ಲ ಲೈನುಗಳೂ ಬಿಜಿಯಂತೆ. ಇನ್ನೊಮ್ಮೆ ಒತ್ತಿದಳು. ಅದೇ ದನಿ, ಅದೇ ಮಾತು.

ಅಂದ ಹಾಗೆ, ಆ ದನಿಯನ್ನು ನಂಬಬೇಡಿ. ಲೈನು ಬಿಜಿಯಾಗಿದ್ದರೂ, ನಮ್ಮ ಸೆಟ್ಟಿಂಗ್ ತಪ್ಪಿದ್ದರೂ, ಆಚೆಯವರು ಕತ್ತು ಹಿಡಿದು ದಬ್ಬಿದರೂ ಅವಳು ಹೇಳುವುದು ಅದೊಂದೇ.

ಹುಡುಗಿ ತನ್ನ ಸ್ವಂತ ಮೊಬೈಲ್ ತೆಗೆದು ಫೋನ್ ಮಾಡಿದಳು. ಗುರುತಿಲ್ಲದ ನಂಬರು, ಡಾಕ್ಟರು ಎತ್ತಲಿಲ್ಲ. ಮೂರನೆಯ ಸಲ ಅವರ ಕಾಂಪೌಂಡರ್ ಎತ್ತಿದ. ಇಪ್ಪತ್ತು ನಿಮಿಷ ಹೋಗಿತ್ತು. ರೋಗಿ ಉಳಿದರು, ಆ ಮಾತು ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಏನಾಯಿತು ಗೊತ್ತೇ? ಏನೂ ಆಗಲಿಲ್ಲ! "ಸದ್ಯಕ್ಕೆ ಎಲ್ಲರೂ ಮೊಬೈಲಿನಿಂದ ಮಾಡಿ" ಎಂದು ಮೇಲಿನಿಂದ ಅಪ್ಪಣೆಯಾಯಿತು. ವೆಂಡರ್ ಹೇಳಿದ, ತೊಂದರೆ ಟೆಲಿಫೋನ್ ಕಂಪೆನಿಯದ್ದು. ಕಂಪೆನಿಯವರು ಹೇಳಿದರು, ನಮ್ಮ ಕಡೆ ಎಲ್ಲ ಸರಿ, ನಿಮ್ಮ ಸರ್ವರ್ ನೋಡಿಕೊಳ್ಳಿ. ಹೀಗೆ ನಾಲ್ಕು ದಿನ. ಒಳಬರುವ ಫೋನು ನಿಂತಿದ್ದರೆ ನಾಲ್ಕು ಗಂಟೆಯೂ ಬಿಡುತ್ತಿರಲಿಲ್ಲ, ಯಾಕೆಂದರೆ ಬರುವ ಫೋನಿನಲ್ಲಿ ಗಿರಾಕಿ ಇದ್ದಾನೆ. ಹೋಗುವ ಫೋನಿನಲ್ಲಿ ಇರುವುದು ನಮ್ಮ ಕರ್ತವ್ಯ ಮಾತ್ರ. ಅದನ್ನು ಕೆಳಗಿನ ಸಂಬಳದವರು ತಮ್ಮ ಸ್ವಂತ ಸಿಮ್ಮಿನಲ್ಲಿ ಸದ್ದಿಲ್ಲದೆ ಹೊರುತ್ತಿದ್ದರೆ ಸಾಹೇಬರ ಕೋಣೆಗೆ ಕೊರತೆಯ ಬಿಸಿ ಮುಟ್ಟುವುದಾದರೂ ಹೇಗೆ?

ಗುರುವಾರ ಮಧ್ಯಾಹ್ನ ನಾನೇ ಆ ಹುಡುಗನನ್ನು ಕರೆಸಿ ಪಕ್ಕ ಕೂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ವಾರಾಂತ್ಯದಲ್ಲಿ ಮೂರು ಆಫೀಸು ಬದಲಾಯಿಸಿದ್ದನಂತೆ, ಕಣ್ಣು ಕೆಂಪಗಾಗಿತ್ತು. ಬೇಸತ್ತು ಅವನೊಂದು ಉಪಾಯ ಹೇಳಿದ, "ಅಂಕಲ್, ಹೊರಗೆ ಹೋಗುವ ರೂಲುಗಳನ್ನೆಲ್ಲ ತೆಗೆದು ಯಾವ ನಂಬರಾದರೂ ಹೋಗಲಿ ಅಂತ ಬಿಟ್ಟುಬಿಡೋಣ". ನಾನು ಕೈ ಹಿಡಿದೆ. ಐಎಸ್‌ಡಿ ಸಮೇತ ಬಾಗಿಲು ತೆರೆದಿಟ್ಟರೆ, ಪಾಸ್‌ವರ್ಡ್ ಊಹಿಸಿ ಒಳನುಗ್ಗುವವರು ರಾತ್ರಿಯೆಲ್ಲ ಪರದೇಶಕ್ಕೆ ಮಾತಾಡಿಸಿ ಬಿಲ್ಲು ನಮ್ಮ ತಲೆಗೆ ಕಟ್ಟುತ್ತಾರೆ. ಇಂಥ ರಿಪೇರಿಯನ್ನು ಯಾರಾದರೂ ಹೇಳಿದರೆ ನೀವೂ ಒಪ್ಪಬೇಡಿ.

ಬೋರ್ಡಿನ ಕಾಲದಲ್ಲಿ ನಮಗೆ ಕಲಿಸಿದ್ದು ಇಷ್ಟೇ: ಫೋನು ಹೋಗಲಿಲ್ಲ ಅಂದರೆ ಎಲ್ಲಿಯವರೆಗೆ ಹೋಯಿತು ಎಂದು ಮೊದಲು ನೋಡು. ಇಲ್ಲೂ ಅದೇ. ಸರ್ವರಿನ ಕಪ್ಪು ಪರದೆಯಲ್ಲಿ ಸಿಪ್ ಮಾತುಕತೆಯನ್ನು ತೋರಿಸುವ ಲಾಗರ್ ಇದೆ, ಅದನ್ನು ಚಾಲೂ ಮಾಡಿಸಿ ಒಂದು ನಂಬರು ಒತ್ತಿದೆವು. ಇನ್‌ವೈಟ್ ಎಂಬ ಸಂದೇಶ ಹೊರಗೇ ಹೋಗದಿದ್ದರೆ ತಪ್ಪು ನಮ್ಮ ಡಯಲ್ ಪ್ಯಾಟರ್ನಿನಲ್ಲಿ ಅಥವಾ ಟ್ರಂಕಿನಲ್ಲಿ. ಹೋಗಿಯೂ ಉತ್ತರವೇ ಬರದಿದ್ದರೆ ದಾರಿಯಲ್ಲಿ, ಅಂದರೆ ಫೈರ್‌ವಾಲ್ ಅಥವಾ ರೂಟಿಂಗ್. ನಮ್ಮದು ಹೋಗಿತ್ತು, ಉತ್ತರವೂ ಬಂದಿತ್ತು: 403, ಫರ್ಬಿಡನ್. ಅಂದರೆ ಕಂಪೆನಿಯ ಬಾಗಿಲವರೆಗೆ ಹೋಗಿ ಬಯ್ಸಿಕೊಂಡು ವಾಪಸು ಬಂದಿದೆ. ಯಾಕೆ? ಸಂದೇಶದಲ್ಲಿ ಫ್ರಮ್ ಎಂಬ ಸಾಲಿದೆ, ಯಾರು ಮಾತಾಡುತ್ತಿದ್ದಾರೆ ಎಂದು. ಅಲ್ಲಿ ಕಂಪೆನಿ ನಮಗೆ ಕೊಟ್ಟ 022ರ ನಂಬರು ಇರಬೇಕಿತ್ತು, ಇದ್ದದ್ದು 214. ನಮ್ಮ ರಿಸೆಪ್ಶನ್ನಿನ ಎಕ್ಸ್‌ಟೆನ್ಶನ್! ಯಾವ 214 ಎಂದು ಅವರಿಗೇನು ಗೊತ್ತು?

ಹಳೆಯ ಯಂತ್ರದಲ್ಲಿ ಚಾನ್‌ಸಿಪ್ ಎಂಬ ಹಳೆಯ ಪದ್ಧತಿಯಿತ್ತು. ಅದರಲ್ಲಿ ಫ್ರಮ್‌ಯೂಸರ್ ಎಂದು ಒಂದು ಸಾಲನ್ನು ಯಾರೋ ಪುಣ್ಯಾತ್ಮ ಎಂದೋ ಬರೆದಿಟ್ಟಿದ್ದ. 2023ರಲ್ಲಿ ಬಂದ ಆಸ್ಟರಿಸ್ಕ್ 21ರಿಂದ ಚಾನ್‌ಸಿಪ್ಪನ್ನೇ ತೆಗೆದುಹಾಕಿದ್ದಾರೆ, ಈಗ ಪಿಜೆಸಿಪ್. ಅದರಲ್ಲಿ ಆ ಮಾಹಿತಿಗೆ ಬೇರೆಯೇ ಖಾನೆ. ನಮ್ಮಲ್ಲಿ ಆ ಖಾನೆ ಖಾಲಿ. ಬರುವ ಫೋನಿಗೆ ಅದು ಬೇಕಿಲ್ಲ, ಹಾಗಾಗಿ ಭಾನುವಾರದ ಪರೀಕ್ಷೆಯಲ್ಲಿ ಪಾಸು. ನಂಬರು ತುಂಬಿ ಉಳಿಸಿದೆವು, ಫೋನು ಹೋಯಿತು.

ಹೋಯಿತು, ಆದರೆ ಆಚೆಯವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದಿಲ್ಲ! ಕಂಪೆನಿಯ ಕೇಬಲಿಗೆ ಸರ್ವರಿನಲ್ಲಿ ಬೇರೆಯೇ ಒಂದು ನೆಟ್‌ವರ್ಕ್ ಕಾರ್ಡ್ ಇದೆ. ಕರೆ ಹಿಡಿಯುವ ವಿಳಾಸ ಒಂದು, ದನಿ ಹೋಗುವ ವಿಳಾಸ ಇನ್ನೊಂದು. ಎರಡನೆಯದಕ್ಕೆ ಹಳೆಯ ಯಂತ್ರದಲ್ಲಿ ಕೈಯಿಂದ ಬರೆದ ಒಂದು ರೂಟ್ ಇತ್ತು, ಫ್ರೀಪಿಬಿಎಕ್ಸಿನ ಬ್ಯಾಕಪ್ಪಿನಲ್ಲಿ ಅದು ಬಂದಿರಲಿಲ್ಲ. ನಮ್ಮ ದನಿ ಮಾಮೂಲಿ ಇಂಟರ್ನೆಟ್ಟಿನ ಕಡೆ ಹೋಗಿ ಗಾಳಿಪಾಲಾಗುತ್ತಿತ್ತು. ಪುಣ್ಯಕ್ಕೆ ಹಳೆಯ ಯಂತ್ರವನ್ನು ನಾನು ಗುಜರಿಗೆ ಕೊಡಲು ಬಿಟ್ಟಿರಲಿಲ್ಲ. ಚಾಲೂ ಮಾಡಿ ನೋಡಿ ನಕಲು ಮಾಡಿಕೊಂಡೆವು.

ಮೂರನೆಯದನ್ನು ಕೇಳಿದರೆ ನಗುತ್ತೀರಿ. ಹಳೆಯದರಲ್ಲಿ ಹೊರಗಿನ ಲೈನಿಗೆ 0 ಒತ್ತಬೇಕಿತ್ತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡಲೂ ಮುಂದೆ 0 ಹಚ್ಚಬೇಕು ತಾನೆ? ಎರಡೆರಡು ಸೊನ್ನೆ ಯಾಕೆ ಎಂದು ಹುಡುಗ ಹೊರಗಿನ ಲೈನಿನ ಸೊನ್ನೆಯನ್ನು ತೆಗೆದಿದ್ದ. ಒಳ್ಳೆಯ ಯೋಚನೆಯೇ. ಆದರೆ ಈಗ ಆಂಬುಲೆನ್ಸಿಗೆಂದು 108 ಒತ್ತಿದರೆ ಫೋನು ಹೋಗುವುದು ನಮ್ಮ ಸ್ಯಾಂಪಲ್ ರೂಮಿಗೆ, ಅವರ ಎಕ್ಸ್‌ಟೆನ್ಶನ್ ಅದೇ! ಆ ಎಕ್ಸ್‌ಟೆನ್ಶನ್ ಬದಲಾಯಿಸಿ, 108 ಮತ್ತು 112ಕ್ಕೆ ಬೇರೆಯೇ ಪ್ಯಾಟರ್ನ್ ಹಾಕಿಸಿದೆ.

ಒಟ್ಟು ಎರಡು ಗಂಟೆಯ ಕೆಲಸ. ಅದಕ್ಕೆ ನಾಲ್ಕು ದಿನ.

ಆ ನಾಲ್ಕು ದಿನದ ಬಿಲ್ಲು ಯಾರು ಕಟ್ಟಿದರು ಕೇಳಿ. ನಮ್ಮ ರಿಸೆಪ್ಶನ್ ಹುಡುಗಿ ತನ್ನ ಮೊಬೈಲಿನಿಂದ ದಿನಕ್ಕೆ ಎಂಬತ್ತು ತೊಂಬತ್ತು ಫೋನ್ ಮಾಡಿದ್ದಾಳೆ. ರಿಪೋರ್ಟು ರೆಡಿ ಇದೆ, ಉಪವಾಸ ಇದ್ದು ಬನ್ನಿ, ಇಂಥವು. ಅಷ್ಟೂ ಮನೆಗಳಲ್ಲಿ ಅವಳ ನಂಬರು ಉಳಿಯಿತು. ವಾಟ್ಸಾಪಿನಲ್ಲಿ ಅವಳ ಫೋಟೋ ಕೂಡ. ಮುಂದಿನ ವಾರದಿಂದ ರಾತ್ರಿ ಹನ್ನೊಂದಕ್ಕೆ ಶುಗರ್ ಎಷ್ಟಿದೆ ಎಂದು ಕೇಳುವವರು ಶುರುವಾದರು, ಅದು ಹೋಗಲಿ. ಶುಗರಿನ ನೆಪದಲ್ಲಿ ಬೇರೆ ಮಾತಾಡುವವರೂ ಶುರುವಾದರು. ಕಲ್ಯಾಣದಲ್ಲಿ ಅವಳ ಅಪ್ಪ ಒಂದು ರಾತ್ರಿ ಫೋನ್ ಕಸಿದುಕೊಂಡು ಯಾರೋ ಇವನು ಎಂದು ಅವಳನ್ನೇ ಕೇಳಿದರಂತೆ. "ಅಣ್ಣಾ, ಕೆಲಸ ಬಿಡು ಅನ್ನುತ್ತಿದ್ದಾರೆ" ಎಂದು ಮರಾಠಿಯಲ್ಲಿ ಹೇಳಿ ಅತ್ತಳು. ಬ್ಯಾಂಕು, ಆಧಾರ್, ಎಲ್ಲ ಆ ನಂಬರಿಗೇ ಕಟ್ಟಿಹಾಕಿದ್ದು. ಬದಲಾಯಿಸುವುದೆಂದರೆ ಸುಲಭವೇ?

ಸ್ವಂತ ಮೊಬೈಲಿನಿಂದ ಮಾಡು ಎಂದು ನೌಕರರಿಗೆ ಹೇಳುವ ಆಫೀಸು ಅವರ ಜೇಬಿಗೆ ಕೈ ಹಾಕಿದ ಹಾಗೆ ಎಂದು ಮೀಟಿಂಗಿನಲ್ಲಿ ಹೇಳಿದೆ. ಸಾಹೇಬರಿಗೆ ಹಿಡಿಸಲಿಲ್ಲ. "ಈಗ ಯಾರಿಗೆ ಅನ್‌ಲಿಮಿಟೆಡ್ ಪ್ಯಾಕ್ ಇಲ್ಲ ಹೇಳಿ" ಅಂದರು. ದುಡ್ಡಿನ ಮಾತು ಅಲ್ಲವೇ ಅಲ್ಲ ಎಂದು ಅರ್ಥ ಮಾಡಿಸಲು ಅರ್ಧ ಗಂಟೆ ಬೇಕಾಯಿತು, ಕೊನೆಗೂ ಪೂರ್ತಿ ಅರ್ಥವಾಯಿತೋ ಇಲ್ಲವೋ. ನಾನು ಕೇಳಿದ್ದು ಎರಡೇ. ಇನ್ನು ಮುಂದೆ ಇಂಥ ಕೆಲಸಕ್ಕೆ ಮುಗಿಯಿತು ಎಂದು ಸಹಿ ಹಾಕುವುದು ಸಾಹೇಬರಲ್ಲ, ದಿನವಿಡೀ ಫೋನ್ ಮಾಡುವವರು. ಅವರು ಲ್ಯಾಂಡ್‌ಲೈನಿಗೆ, ಮೊಬೈಲಿಗೆ, ಎಸ್‌ಟಿಡಿಗೆ ಒಂದೊಂದು ಮಾಡಿ, ಆಚೆಯವರಿಗೆ ಮಾತು ಕೇಳಿಸಿತೇ, ಯಾವ ನಂಬರು ಕಂಡಿತು ಎಂದು ವಿಚಾರಿಸಿ ಬರೆಯುವ ತನಕ ವೆಂಡರಿಗೆ ದುಡ್ಡಿಲ್ಲ. ಎರಡನೆಯದು, ಲ್ಯಾಬಿನ ಹೆಸರಿನಲ್ಲಿ ಎರಡು ಕೀಪ್ಯಾಡ್ ಮೊಬೈಲು.

ಎರಡೂ ಸಿಕ್ಕವು. ಮೊಬೈಲುಗಳು ರಿಸೆಪ್ಶನ್ನಿನ ಡ್ರಾಯರಿನಲ್ಲಿವೆ, ಪ್ರತಿ ಶನಿವಾರ ಚಾರ್ಜಿಗೆ ಹಾಕುವುದು ನನ್ನ ಕೆಲಸ. ಹುಡುಗಿ ಕೆಲಸ ಬಿಡಲಿಲ್ಲ, ನಂಬರು ಬದಲಾಯಿಸಿದಳು. ಮೊನ್ನೆ ಒಂದು ಶನಿವಾರ ಸರಿಯಿದೆಯೇ ನೋಡೋಣವೆಂದು ಡ್ರಾಯರಿನ ಮೊಬೈಲಿನಿಂದ ಅವಳ ಹೊಸ ನಂಬರಿಗೆ ಫೋನ್ ಮಾಡಿದೆ. ಎದುರಿಗೇ ಕೂತಿದ್ದಳು. ಪರದೆ ನೋಡಿದಳು, ಗುರುತಿಲ್ಲದ ನಂಬರು ಎಂದು ಕಟ್ ಮಾಡಿದಳು.