ತಂತಿಯ ಲೆಕ್ಕದಲ್ಲಿ ಗದ್ದೆಗೂ ಒಂದು ಸಾಲು ಇರಲಿ

ಮೊನ್ನೆ ಅಡಿಕೆ ಬಿಡೋಕೆ ಶಿವಮೊಗ್ಗದ ಮಂಡಿಗೆ ಹೋಗಿದ್ದೆ. ವಾಪಸ್ ಬರುವಾಗ ಭದ್ರಾವತಿಯಲ್ಲಿ ಇಳಿದು ಭಾವನ ಹಿಟ್ಟಿನ ಗಿರಣಿಗೆ ಹೋದೆ. ಭಾವ ಕರೆಂಟ್ ಬಿಲ್ಲು ಕೈಯಲ್ಲಿ ಹಿಡಿದು ಕೂತಿದ್ದರು.

"ನಿಂಗೇನು ಮಾರಾಯ, ಪಂಪ್‌ಸೆಟ್ಟಿಗೆ ಫ್ರೀ. ನಂಗೆ ನೋಡು, ಗಿರಣಿ ತಿರುಗಿದ್ರೂ ಕಟ್ಟಬೇಕು, ತಿರುಗದಿದ್ರೂ ಕಟ್ಟಬೇಕು" ಅಂದ್ರು.

ಅವರ ಮಾತು ಸುಳ್ಳಲ್ಲ. ಎಂಪಿಎಂ ಕಾರ್ಖಾನೆ ನಿಂತ ಮೇಲೆ ಊರಲ್ಲಿ ಜನ ಕಡಿಮೆ, ಗಿರಾಕಿ ಕಡಿಮೆ. ಆದ್ರೆ ಮಂಜೂರಾದ ಲೋಡಿಗೆ ನಿಗದಿತ ಶುಲ್ಕ ಹಾಗೇ ಇದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನಮಗಾಗಿ ಕಾದು ನಿಂತಿರೋದಕ್ಕೆ ಕೊಡುವ ದುಡ್ಡು ಅದು. ಬಳಸಿದರೂ ಬಿಟ್ಟರೂ ಆ ಖರ್ಚು ಇದ್ದೇ ಇರುತ್ತೆ. ಹಾಗಾದ್ರೆ ಅದನ್ನ ಯಾರು ಎಷ್ಟು ಹೊರಬೇಕು? ಬಸ್ಸಿನಲ್ಲಿ ಊರಿಗೆ ಬರುವ ತನಕ ಇದೇ ತಲೆಯಲ್ಲಿತ್ತು.

ಮೊದಲು ಈ ಲೆಕ್ಕ ಸುಲಭ ಇತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ಲೈನ್ ಎಳೆದರು. ಗಿರಾಕಿ ಗಣಿಯವರು, ತಂತಿಯೂ ಅವರಿಗಾಗಿಯೇ. ಈಗ ಹಾಗಲ್ಲ. ಶಿವಮೊಗ್ಗದ ಬಿ.ಎಚ್. ರಸ್ತೆಯ ಎಂಆರ್‌ಎಸ್ ಸ್ವೀಕರಣಾ ಕೇಂದ್ರ ನೀವೆಲ್ಲ ನೋಡಿರ್ತೀರಿ. ಶರಾವತಿಯ 1035 ಮೆಗಾವ್ಯಾಟ್, ಪಾವಗಡದ 2050 ಮೆಗಾವ್ಯಾಟ್ ಸೋಲಾರ್, ಚಿತ್ರದುರ್ಗ, ಗದಗದ ಗಾಳಿ ಕರೆಂಟು ಎಲ್ಲ ಒಂದೇ ಜಾಲಕ್ಕೆ ಸೇರುತ್ತೆ. ಭಾವನ ಗಿರಣಿ ತಿರುಗಿಸಿದ್ದು ಯಾವ ಕರೆಂಟು ಅಂತ ಯಾರೂ ಹೇಳೋಕಾಗಲ್ಲ.

ಹಂಚೋಕೆ ಎರಡು ದಾರಿ ಇದೆ. ಒಂದು ಬಸ್ ಟಿಕೆಟ್ ಥರ, ದೂರಕ್ಕೆ ತಕ್ಕ ದುಡ್ಡು. ಇನ್ನೊಂದು ಪೋಸ್ಟ್ ಕಾರ್ಡ್ ಥರ, ಭದ್ರಾವತಿಗೂ 50 ಪೈಸೆ, ಬೀದರ್‌ಗೂ 50 ಪೈಸೆ. ನಮ್ಮ ರಾಜ್ಯದೊಳಗೆ ಪೋಸ್ಟ್ ಕಾರ್ಡ್ ದಾರಿಯೇ ಇದೆ. ಕೆಪಿಟಿಸಿಎಲ್‌ನ ಖರ್ಚನ್ನ ವಿದ್ಯುತ್ ನಿಯಂತ್ರಣ ಆಯೋಗ ನೋಡಿ ಒಪ್ಪುತ್ತೆ. ಮೆಗಾವ್ಯಾಟಿಗೆ ತಿಂಗಳಿಗೆ ಇಷ್ಟು ಅಂತ ಮೆಸ್ಕಾಂ, ಬೆಸ್ಕಾಂ ಎಲ್ಲರೂ ತಮ್ಮ ಪಾಲು ಕೊಡ್ತಾರೆ. ಕೊನೆಗೆ ಅದು ಬಿಲ್ಲಿನ ಮೂಲಕ ನಮ್ಮ ಹತ್ತಿರಾನೇ ಬರುತ್ತೆ. ನನಗೆ ಇದು ಸರಿ ಅನ್ನಿಸುತ್ತೆ. ದೂರದ ಊರಲ್ಲಿ ಹುಟ್ಟಿದ್ದು ಯಾರ ತಪ್ಪೂ ಅಲ್ಲ.

ನನ್ನ ತಕರಾರು ಬೇರೆ. ಆ ಖರ್ಚಿನ ಪಟ್ಟಿಯಲ್ಲಿ ಟವರ್ ಇದೆ, ತಂತಿ ಇದೆ, ಸಾಲದ ಬಡ್ಡಿ ಇದೆ, ಸಂಬಳ ಇದೆ. ಟವರ್ ಹೊತ್ತಿರುವ ಗದ್ದೆಗೆ ವರ್ಷ ವರ್ಷವೂ ಆಗುವ ನಷ್ಟ ಇಲ್ಲ.

ಅಪ್ಪನ ಕಾಲದಲ್ಲಿ ನಮ್ಮ ಜಮೀನಿನ ಮೇಲೆ ದೊಡ್ಡ ಲೈನು ಹೋಯ್ತು. ಯಾರ ಲೈನು ಅನ್ನೋದು ಇಲ್ಲಿ ಬೇಡ, ಜಗಳ ತೆಗೆಯೋಕೆ ಬರೀತಿಲ್ಲ. ಕಡಿದ ತೆಂಗು, ಮಾವಿಗೆ ಒಂದು ಸಲ ದುಡ್ಡು ಬಂತು, ಅಷ್ಟೇ. ಟವರಿನ ನಾಲ್ಕು ಕಾಲಿನ ಮಧ್ಯೆ ಟ್ರ್ಯಾಕ್ಟರ್ ನುಗ್ಗಲ್ಲ, ಅಲ್ಲಿ ಬೆಳೆಯೋದು ಕಳೆ ಮಾತ್ರ. ತಂತಿ ಕೆಳಗೆ ಅಡಿಕೆ ಹಾಕೋ ಹಾಗಿಲ್ಲ. ಅಕ್ಕಪಕ್ಕದ ಗದ್ದೆಗಳೆಲ್ಲ ತೋಟ ಆದವು. ಭದ್ರಾ ನಾಲೆಯ ಅದೇ ನೀರು, ಅದೇ ಮಣ್ಣು, ನನ್ನ ಆ ತುಂಡು ಮಾತ್ರ ಇನ್ನೂ ಭತ್ತ. ಅಡಿಕೆ ರೇಟು ಗೊತ್ತಿರೋರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಪಹಣಿ ನನ್ನ ಹೆಸರಲ್ಲಿ, ಕಂದಾಯ ಕಟ್ಟೋದೂ ನಾನೇ.

220 ಕೆ.ವಿ. ಲೈನಿಗೆ 35 ಮೀಟರ್ ಅಗಲದ ದಾರಿ ಬೇಕು. ಜಮೀನಿನಲ್ಲಿ ನೂರು ಮೀಟರ್ ಹಾದುಹೋದ್ರೆ 34 ಗುಂಟೆಗಿಂತ ಜಾಸ್ತಿ ಆಯ್ತು. ಎರಡು ಎಕರೆಯವನಿಗೆ ಅದು ಅರ್ಧ ಬದುಕು. ನಾಲೆ ತೆಗೆಯುವಾಗ ಜಮೀನನ್ನ ಸ್ವಾಧೀನ ಮಾಡ್ಕೊಳ್ತಾರೆ. ಲೈನಿಗೆ ಹಾಗಲ್ಲ, ಜಮೀನು ನಮ್ಮದಾಗೇ ಉಳಿಯುತ್ತೆ, ಬಳಕೆ ಅವರದ್ದು. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನೇ 2003ರ ವಿದ್ಯುತ್ ಕಾಯ್ದೆ ಲೈನ್ ಎಳೆಯೋರಿಗೆ ದಾಟಿಸಿತು.

ಏನೂ ಬದಲಾಗಿಲ್ಲ ಅಂತ ಹೇಳಲ್ಲ. 2015ರಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಟವರಿನ ಜಾಗಕ್ಕೆ ಜಮೀನಿನ ಬೆಲೆಯ ಶೇ. 85, ತಂತಿ ಕೆಳಗಿನ ಜಾಗಕ್ಕೆ ಹೆಚ್ಚೆಂದರೆ ಶೇ. 15. 2024ರ ಜೂನ್‌ನಲ್ಲಿ ಅದನ್ನ ಶೇ. 200 ಮತ್ತು ಶೇ. 30 ಮಾಡಿದರು. ಒಳ್ಳೇದೇ. ಆದ್ರೆ ಅದು ಮಾರ್ಗಸೂಚಿ, ರಾಜ್ಯದೊಳಗಿನ ಲೈನಿಗೆ ಆಯಾ ರಾಜ್ಯ ಒಪ್ಪಬೇಕು. ಹಳೇ ಲೈನಿನವರಿಗೆ ಅದರಿಂದ ಏನೂ ಇಲ್ಲ. ಮತ್ತೆ ಅದೂ ಒಂದೇ ಸಲದ ದುಡ್ಡು. ನಷ್ಟ ಪ್ರತಿ ಬೆಳೆಗೂ ಇದೆ.

"ವರ್ಷ ವರ್ಷ ಬಾಡಿಗೆ ಕೊಟ್ರೆ ನನ್ನ ಬಿಲ್ಲು ಇನ್ನೂ ಏರುತ್ತಲ್ಲೋ" ಅಂತ ಭಾವ ಕೇಳಿದ್ರು. ಅವರ ಬಿಲ್ಲನ್ನೇ ತೋರಿಸಿದೆ. ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ 2025ರ ಏಪ್ರಿಲ್ 1ರಿಂದ ಯೂನಿಟ್‌ಗೆ 36 ಪೈಸೆ, ಮುಂದಿನ ವರ್ಷ 35, ಅದರ ಮುಂದಿನ ವರ್ಷ 34 ಅಂತ ಆಯೋಗ ಗೊತ್ತು ಮಾಡಿದೆ. 500 ಯೂನಿಟ್ ಉರಿಸಿದ್ರೆ 180 ರೂಪಾಯಿ. ದುಡಿದವರಿಗೆ ಪಿಂಚಣಿ ಬೇಡ ಅಂತ ನಾನು ಹೇಳಲ್ಲ. ಕಂಬ ಹತ್ತಿದ ಲೈನ್‌ಮನ್ನಿನ ಮುಪ್ಪಿನ ಖರ್ಚನ್ನ ಎಲ್ಲರೂ ಪೈಸೆ ಲೆಕ್ಕದಲ್ಲಿ ಹಂಚಿಕೊಳ್ಳಬಹುದಾದ್ರೆ, ಕಂಬ ಹೊತ್ತ ನೆಲದ ಖರ್ಚನ್ನೂ ಹಂಚಿಕೊಳ್ಳಬಹುದು. ಭಾವನಿಗೆ ಸ್ವಲ್ಪ ಏರುತ್ತೆ, ನಿಜ. ಆದ್ರೆ ಈಗ ಆ ಭಾರ ಇಲ್ಲ ಅಂತಲ್ಲ. ಕೆಲವೇ ಜನರ ತಲೆ ಮೇಲಿದೆ, ಬಿಲ್ಲಿನಲ್ಲಿ ಕಾಣಲ್ಲ ಅಷ್ಟೇ.

ಇನ್ನು ಫ್ರೀ ಕರೆಂಟಿನ ಮಾತು. ಹೌದು, 2008ರಿಂದ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಸರ್ಕಾರ ಸಬ್ಸಿಡಿ ಕೊಡುತ್ತೆ. ನನಗೂ ಸಿಗ್ತಿದೆ, ಮುಚ್ಚಿಡಲ್ಲ. ಆದ್ರೆ ಜಮೀನಿನಲ್ಲಿ ಟವರ್ ಇರೋನಿಗೂ ಫ್ರೀ, ಇಲ್ಲದೋನಿಗೂ ಫ್ರೀ. ಹಾಗಿದ್ದ ಮೇಲೆ ಅದು ಟವರಿನ ಪರಿಹಾರ ಹೇಗಾಗುತ್ತೆ?

ಶರಾವತಿಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮಾತು ನಡೀತಿದೆ. ಬೇಕೋ ಬೇಡವೋ, ಆ ಚರ್ಚೆ ಬೇರೆ. ಅಷ್ಟು ಕರೆಂಟು ಸಾಗಿಸೋಕೆ ತಂತಿ ಬೇಕು, ತಂತಿ ಯಾರದ್ದೋ ಗದ್ದೆ ಮೇಲೇ ಹೋಗಬೇಕು. ದರ ಏರಿಸುವ ಮುಂಚೆ ಆಯೋಗ ಪೇಪರಿನಲ್ಲಿ ಆಕ್ಷೇಪಣೆ ಕರೆಯುತ್ತೆ, ವಿಚಾರಣೆ ನಡೆಸುತ್ತೆ. ಅಲ್ಲಿ ಕಾರ್ಖಾನೆಯವರು ವಕೀಲರನ್ನ ಇಟ್ಕೊಂಡು ಬರ್ತಾರೆ. ಈ ಸಲ ನಾನೂ ಒಂದು ಅರ್ಜಿ ಹಾಕ್ತೀನಿ, ಪಹಣಿ ಜೊತೆಗಿಟ್ಟು, ಕೇಳೋದು ಒಂದೇ: ಪ್ರಸರಣದ ಖರ್ಚಿನಲ್ಲಿ ತಂತಿ ಕೆಳಗಿನ ಜಮೀನಿನ ವರ್ಷದ ಬಾಡಿಗೆ ಅಂತ ಒಂದು ಸಾಲು ಸೇರಿಸಿ.

ನಿಮ್ಮ ಜಮೀನಿನ ಮೇಲೂ ಲೈನು ಹೋಗಿದ್ರೆ ಅಗಲ, ಉದ್ದ ಅಳೆದು ಗುಂಟೆ ಲೆಕ್ಕ ಬರೆದಿಟ್ಕೊಳ್ಳಿ. ಅರ್ಜಿಗೆ ಬೇಕಾಗೋದು ಅದೇ.