ಎಲ್ಲರ ಹೆಗಲಿಗೂ ಒಂದು ಡ್ರಮ್ಮು

ಆಗಸ್ಟ್ ತಿಂಗಳ ಮೊದಲ ವಾರ ಕಳೆಯಿತೆಂದರೆ ಮಸ್ಕಿ, ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳ ಶಾಲೆಗಳಲ್ಲಿ ಬ್ಯಾಂಡಿನ ಸಪ್ಪಳ ಶುರುವಾಗುತ್ತದೆ. ಹೆಡ್‌ಮಾಸ್ತರರ ಕೋಣೆಯ ಬೀರುವಿನ ಮೇಲಿದ್ದ ಡ್ರಮ್ಮುಗಳು ಕೆಳಗಿಳಿಯುತ್ತವೆ. ಪಿ.ಟಿ. ಮಾಸ್ತರು ದೂಳು ಒರೆಸಿ, ಸಡಿಲಾದ ತಿರುಪುಗಳನ್ನು ಬಿಗಿದು, ಏಳನೆಯ ಎಂಟನೆಯ ತರಗತಿಯ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಎತ್ತರದ ಹುಡುಗನಿಗೆ ದೊಡ್ಡ ಡ್ರಮ್ಮು, ಕೈ ಚುರುಕಾದವರಿಗೆ ಸೈಡ್ ಡ್ರಮ್ಮು, ಒಬ್ಬಳಿಗೆ ತಾಳ, ಇನ್ನೊಬ್ಬಳಿಗೆ ಟ್ರಯಾಂಗಲ್. ದೊಡ್ಡ ಡ್ರಮ್ಮಿನ ಪೆಟ್ಟು ಬಿದ್ದಾಗ ಎಡಗಾಲು ನೆಲ ಮುಟ್ಟಬೇಕು, ಇಷ್ಟೇ ಮೊದಲ ಪಾಠ. ಎರಡು ದಿನ ಕಾಲೇ ಸೇರುವುದಿಲ್ಲ. ಮೂರನೆಯ ದಿನ ಸಾಲು ತಾನಾಗಿ ಕೂಡಿಕೊಳ್ಳುತ್ತದೆ. ಹದಿನೈದರ ಬೆಳಿಗ್ಗೆ ಪ್ರಭಾತಫೇರಿ ಓಣಿಯೊಳಗೆ ಬಂದಾಗ ಮನೆಮಂದಿಯೆಲ್ಲ ಕಟ್ಟೆಯ ಮೇಲೆ ನಿಂತು ತಮ್ಮ ಮಗುವಿನ ಕೈ ನೋಡುತ್ತಾರೆ. ಮರುದಿನ ಡ್ರಮ್ಮು ಮತ್ತೆ ಬೀರು ಸೇರುತ್ತದೆ. ಕಲ್ಯಾಣ ಕರ್ನಾಟಕ ಉತ್ಸವ, ರಾಜ್ಯೋತ್ಸವ, ಗಣರಾಜ್ಯೋತ್ಸವಗಳಿಗೆ ಇನ್ನೊಂದಿಷ್ಟು ದಿನ ಇಳಿದುಬಂದರೆ ಅದರ ವರ್ಷದ ದುಡಿಮೆ ಮುಗಿಯಿತು.

ನಮ್ಮ ಸರ್ಕಾರಿ ಶಾಲೆಯ ಬಹುಪಾಲು ಮಕ್ಕಳ ಕೈಗೆ ವಾದ್ಯವೊಂದು ಸಿಗುವುದು ಇಷ್ಟೇ ದಿನ. ಅದೂ ತರಗತಿಗೆ ಏಳೆಂಟು ಮಕ್ಕಳಿಗೆ ಮಾತ್ರ. ಈ ಡ್ರಮ್ಮನ್ನು ವರ್ಷವಿಡೀ ಕೆಳಗೇ ಇಡಬೇಕು, ಅದರಿಂದಲೇ ಪ್ರತಿ ಮಗುವಿನ ಸಂಗೀತ ಪಾಠ ಶುರುವಾಗಬೇಕು ಎಂಬುದು ಈ ಸಂಚಿಕೆಯ ಮಾತು.

ಈಗ ಶಾಲೆಯಲ್ಲಿ ಇರುವ ಸಂಗೀತ ಎಷ್ಟು? ಬೆಳಗಿನ ಪ್ರಾರ್ಥನೆ. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಎರಡೂ ಸೇರಿ ಮೂರೂವರೆ ನಿಮಿಷವೂ ಆಗುವುದಿಲ್ಲ. ಬಿಸಿಲು ಏರುವ ಮುಂಚೆ ಮುಗಿಯುವ ಆ ಮೂರೂವರೆ ನಿಮಿಷದಲ್ಲಿ ಶ್ರುತಿ ಯಾವುದು, ಲಯ ಯಾವುದು ಎಂದು ಮಗುವಿಗೆ ಹೇಳುವವರು ಯಾರೂ ಇರುವುದಿಲ್ಲ. ಮುಂದಿನ ಸಾಲಿನ ದೊಡ್ಡ ದನಿಯ ಹಿಂದೆ ಉಳಿದವರು ಹೋಗುತ್ತಾರೆ.

ಆದರೆ ಆ 52 ಸೆಕೆಂಡಿನ ಹಿಂದೆಯೂ ಒಂದು ವಿದ್ಯಾಸಂಸ್ಥೆಯ ಕಥೆಯಿದೆ. 1919ರಲ್ಲಿ ರವೀಂದ್ರನಾಥ ಠಾಕೂರರು ರಾಯಲಸೀಮೆಯ ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿಗೆ ಬಂದು ತಂಗಿದ್ದರು. ಅಲ್ಲಿ ಈ ಗೀತೆ ಹಾಡಿದರು. ಕಾಲೇಜಿನ ಪ್ರಾಂಶುಪಾಲರ ಪತ್ನಿ, ಐರ್ಲೆಂಡಿನ ಸಂಗೀತಗಾರ್ತಿ ಮಾರ್ಗರೆಟ್ ಕಸಿನ್ಸ್, ವಿದ್ಯಾರ್ಥಿಗಳ ಜೊತೆ ಕೂತು ಅದರ ಸ್ವರಗಳನ್ನು ಬರೆದಿಟ್ಟರು. ದೊಡ್ಡ ಊರೇನೂ ಅಲ್ಲದ ಮದನಪಲ್ಲಿಯಲ್ಲಿ ಸಂಗೀತ ಬಲ್ಲ ಒಬ್ಬ ಶಿಕ್ಷಕಿ ಇದ್ದದ್ದರಿಂದ ಅದು ಆಯಿತು. ಇನ್ನೊಂದು ಮಾತನ್ನು ಸಿಂಧನೂರಿನವರು ನೆನೆಯಬೇಕು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಯೂರಿ ಅರ್ಧ ಶತಮಾನವಾಯಿತು. ಅಲ್ಲಿನ ಮಕ್ಕಳಿಗೆ ರಾಷ್ಟ್ರಗೀತೆ ಅಜ್ಜಿಯ ಮನೆಮಾತಿನಲ್ಲೇ ಹುಟ್ಟಿದ ಹಾಡು. ಎಡದಂಡೆ ಕಾಲುವೆಯ ನೀರಿನ ಜೊತೆ ಬಂದ ಆಂಧ್ರ ಕ್ಯಾಂಪುಗಳ ಮಕ್ಕಳು ತೆಲುಗು ಭಜನೆ, ಕೋಲಾಟ ಕಲಿತು ಬರುತ್ತಾರೆ. ಮೂಲದ ಕನ್ನಡ, ಉರ್ದು, ಲಂಬಾಣಿ ಮಕ್ಕಳು ತಮ್ಮ ತಮ್ಮ ಪದಗಳನ್ನು ತರುತ್ತಾರೆ. ಒಂದೇ ತರಗತಿಯಲ್ಲಿ ಇಷ್ಟು ನಾದಗಳು ಕೂತಿರುವಾಗ ಅವನ್ನು ಕೂಡಿಸಿ ಕೇಳುವ ಒಂದು ಪಿರಿಯಡ್ ನಮ್ಮ ವೇಳಾಪಟ್ಟಿಯಲ್ಲಿಲ್ಲ.

ನಮ್ಮ ಸೀಮೆಯ ಮಗು ಸಂಗೀತ ಗೊತ್ತಿಲ್ಲದೆ ಶಾಲೆಗೆ ಬರುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂಗೆ ಹೋಗಿ ನೋಡಿ. ಅಲಾಯಿ ಕುಣಿಯ ಪಕ್ಕದಲ್ಲಿ ಹಲಗೆಯನ್ನು ಬೆಂಕಿಗೆ ಹಿಡಿದು ಕಾಸುತ್ತಾರೆ. ಚರ್ಮ ಬಿಗಿಯುತ್ತ ಬಂದಂತೆ ಆಗಾಗ ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೊದಲು ಮಂದವಾಗಿ ಬರುತ್ತಿದ್ದ ದನಿ ಕಾವೇರಿದಂತೆ ಗಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. ಸುತ್ತ ಕೂತ ಹುಡುಗರು ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿರುತ್ತಾರೆ. ಚರ್ಮದ ಬಿಗಿತಕ್ಕೂ ದನಿಯ ಎತ್ತರಕ್ಕೂ ಇರುವ ನಂಟನ್ನು ವಿಜ್ಞಾನ ಪುಸ್ತಕದ ಶಬ್ದದ ಪಾಠಕ್ಕಿಂತ ಮುಂಚೆಯೇ ಅವರು ಅಲ್ಲಿ ಕಲಿತಿರುತ್ತಾರೆ. ಹೆಜ್ಜೆ ತಪ್ಪದಂತೆ ರಾತ್ರಿಯೆಲ್ಲ ಕುಣಿಯುತ್ತಾರೆ, ಹಿಂದೂ ಮುಸ್ಲಿಂ ಎನ್ನದೆ ಕನ್ನಡದಲ್ಲೇ ರಿವಾಯತ್ ಪದಗಳಿಗೆ ದನಿಗೂಡಿಸುತ್ತಾರೆ. ಇದೇ ನೆಲದ ಚೀಕಲಪರ್ವಿಯಲ್ಲಿ ವಿಜಯದಾಸರು, ಮೊಸರಕಲ್ಲಿನಲ್ಲಿ ಗೋಪಾಲದಾಸರು, ಬ್ಯಾಗವಾಟದಲ್ಲಿ ಜಗನ್ನಾಥದಾಸರು, ಲಿಂಗಸುಗೂರಿನಲ್ಲಿ ಪ್ರಾಣೇಶದಾಸರು ಹಾಡು ಕಟ್ಟಿದರು. ಸಿಂಧನೂರು ತಾಲ್ಲೂಕಿನ ಅಂಬಾಮಠ ಚಿದಾನಂದಾವಧೂತರ ನೆನಪನ್ನು ಉಳಿಸಿಕೊಂಡಿದೆ. ಅವರ ದೇವೀಪುರಾಣ ಇಂದಿಗೂ ನವರಾತ್ರಿಯಲ್ಲಿ ಊರೂರಿನ ಗುಡಿಗಳಲ್ಲಿ ರಾಗವಾಗಿ ಓದಿಸಿಕೊಳ್ಳುತ್ತದೆ. ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಮನೆಮಾತಾದ ಸಿದ್ಧರಾಮ ಜಂಬಲದಿನ್ನಿಯವರು ನಮ್ಮ ಜಿಲ್ಲೆಯವರು. ರಾಯಚೂರಿನ ರಂಗಮಂದಿರ ಅವರ ಹೆಸರು ಹೊತ್ತು ನಿಂತಿದೆ. ಇಷ್ಟೆಲ್ಲ ಇರುವ ಸೀಮೆಯ ಶಾಲೆಯಲ್ಲಿ ಸಂಗೀತದ ಮಾಸ್ತರಿಗೆ ಒಂದು ಕುರ್ಚಿಯಿಲ್ಲ.

ಇಲ್ಲಿ ನೇರವಾಗಿ ಹೇಳಬೇಕಾದ ಒಂದು ಸಂಗತಿಯಿದೆ. ನಮ್ಮ ಊರುಗಳಲ್ಲಿ ವಾದ್ಯಕ್ಕೂ ಜಾತಿಯಿದೆ. ಹಲಗೆ ಯಾರ ಕೈಯಲ್ಲಿರಬೇಕು, ಸನಾದಿ ಯಾರ ತುಟಿಗಿರಬೇಕು ಎಂದು ಊರು ತಲೆತಲಾಂತರದಿಂದ ತೀರ್ಮಾನಿಸಿಟ್ಟಿದೆ. ಜಾತ್ರೆಗೆ, ಹೆಣಕ್ಕೆ, ಡಂಗುರಕ್ಕೆ ಹಲಗೆ ಬಾರಿಸುವುದನ್ನು ಬಿಟ್ಟಿ ಚಾಕರಿಯಾಗಿ ಹೇರಿದ್ದರಿಂದಲೇ ದಲಿತ ಚಳವಳಿ ಹಲಗೆಯನ್ನು ಕೆಳಗಿಡಿ ಎಂದು ಕರೆ ಕೊಡಬೇಕಾಯಿತು. ಆ ನೋವು ನಿಜ, ಆ ನಿರಾಕರಣೆ ನ್ಯಾಯ. ಸನಾದಿ ಊದುವ ಭಜಂತ್ರಿ ಮನೆತನಗಳದೂ ಇದೇ ಪಾಡು. ಮದುವೆಯ ಹಂದರದಲ್ಲಿ ಅವರ ನಾದ ಬೇಕು, ಪಂಕ್ತಿಯಲ್ಲಿ ಅವರ ಎಲೆ ಬೇಡ. 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದಾಗ ನಾಡೆಲ್ಲ ಕಣ್ಣೀರಿಟ್ಟಿತು. ಅದೇ ವಾದ್ಯ ನುಡಿಸುವ ನೆರೆಯವನನ್ನು ಮಾತ್ರ ಮನೆಯೊಳಗೆ ಕರೆಯಲಿಲ್ಲ.

ಶಾಲೆಯ ಡ್ರಮ್ಮಿಗೆ ಈ ಕಟ್ಟು ಇಲ್ಲ. ಅದರ ಪಟ್ಟಿ ಯಾವ ಕೇರಿಯ ಮಗುವಿನ ಹೆಗಲಿಗಾದರೂ ಏರುತ್ತದೆ. ಹೆಣ್ಣುಮಕ್ಕಳು ಚರ್ಮವಾದ್ಯ ಮುಟ್ಟಬಾರದೆಂಬ ಮಾತು ಅಂಗಳದ ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಒಬ್ಬರ ಪೆಟ್ಟು ಇನ್ನೊಬ್ಬರ ಪೆಟ್ಟಿಗೆ ಕಾಯಬೇಕು, ಒಬ್ಬರು ಮುಂದೆ ಓಡಿದರೆ ಎಲ್ಲರದೂ ಕೆಡುತ್ತದೆ. ಸಮಾನತೆಯ ಬಗ್ಗೆ ನಾವು ಬರೆಯಿಸುವ ನೂರು ಪ್ರಬಂಧಗಳಿಗಿಂತ ಈ ಅಭ್ಯಾಸ ಮಗುವಿನ ಮೈಗೆ ಆಳವಾಗಿ ಇಳಿಯುತ್ತದೆ ಎಂದು ನಾವು ನಂಬಿದ್ದೇವೆ. ಆದ್ದರಿಂದಲೇ ಶಾಲಾ ಬ್ಯಾಂಡನ್ನು ಬರೀ ಮೆರವಣಿಗೆಯ ಅಲಂಕಾರವೆಂದು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ.

ಬ್ಯಾಂಡು ಬಂದದ್ದು ದಂಡಿನಿಂದ, ನಿಜ. ಆದರೆ ಅದನ್ನು ದಂಡಿನಿಂದ ಬಿಡಿಸಿ ಜನರ ಕೆಲಸಕ್ಕೆ ಹಚ್ಚಿದ ಪರಂಪರೆ ನಮ್ಮಲ್ಲೇ ಇದೆ. 1923ರಲ್ಲಿ ಡಾ. ನಾ. ಸು. ಹರ್ಡೀಕರರು ಕಟ್ಟಿದ ಹಿಂದುಸ್ತಾನಿ ಸೇವಾದಳ ಹುಬ್ಬಳ್ಳಿಯಲ್ಲಿ ಬೇರೂರಿ ಕವಾಯತು, ಗೀತೆ, ಶಿಸ್ತುಗಳನ್ನು ಸ್ವಾತಂತ್ರ್ಯದ ಕೆಲಸಕ್ಕೆ ಒಗ್ಗಿಸಿತು. ನಮ್ಮ ಶಾಲೆಗಳಲ್ಲಿ ಇಂದಿಗೂ ಭಾರತ ಸೇವಾದಳದ ಘಟಕಗಳಿವೆ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಬ್ಯಾಂಡೂ ಇತ್ತು. ಅದರ ವಾರಸುದಾರನಾದ ಪೊಲೀಸ್ ವಾದ್ಯವೃಂದ ಇಂದಿಗೂ ಕೀರ್ತನೆಗಳನ್ನು ನುಡಿಸುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಮಸ್ಕಿಯವರಿಗೆ ಪರಿಚಯ ಬೇಡದ ದೊರೆಯೊಬ್ಬನಿದ್ದಾನೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ನಮ್ಮ ಗುಡ್ಡದ ಬಂಡೆ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಜಗತ್ತಿಗೆ ತಿಳಿಸಿತು. ಅದೇ ಅಶೋಕನ ನಾಲ್ಕನೆಯ ಬಂಡೆಗಲ್ಲು ಶಾಸನ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ. ತನ್ನ ರಾಜ್ಯದಲ್ಲಿ ಭೇರಿಯ ಸದ್ದು ಧರ್ಮದ ಸಾರಿಕೆಯಾಗಿ ಬದಲಾಯಿತು ಎಂದು ದೊರೆ ಅದರಲ್ಲಿ ಹೇಳಿಕೊಂಡಿದ್ದಾನೆ. ಯುದ್ಧಕ್ಕೆ ಬಡಿದ ವಾದ್ಯವನ್ನು ಒಳಿತಿಗೆ ಬಡಿಯಬಹುದೆಂಬ ತಿಳಿವಳಿಕೆ ನಮ್ಮ ಸೀಮೆಗೆ ಎರಡು ಸಾವಿರ ವರ್ಷಕ್ಕಿಂತ ಹಳೆಯದು.

ಕಾನೂನು ಏನು ಹೇಳುತ್ತದೆ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಒಂದು ವಿಷಯವಾಗಿರಬೇಕು ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಇನ್ನೂ ಸ್ಪಷ್ಟ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಕಲಾ ಶಿಕ್ಷಣಕ್ಕೆ, ದೈಹಿಕ ಶಿಕ್ಷಣಕ್ಕೆ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಲೇಬೇಕು. ಹಾಗಿದ್ದೂ ನಮ್ಮ ಕಡೆ ಕಲಾ ಬೋಧಕರ ಜಾಗ ಬಹುಮಟ್ಟಿಗೆ ಕಾಗದದಲ್ಲೇ ಉಳಿದಿದೆ. 2018ರಲ್ಲಿ ರಾಯಚೂರು ದೇಶದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಗೆ ಸೇರಿತು. ಪೌಷ್ಟಿಕತೆ, ಆರೋಗ್ಯ, ಕಲಿಕೆ, ನೀರಾವರಿ ಎಲ್ಲವನ್ನೂ ಅಳೆಯುವ ಆ ಸೂಚ್ಯಂಕಗಳಲ್ಲಿ ಮಗು ಹಾಡುತ್ತದೆಯೇ ಎಂಬ ಪ್ರಶ್ನೆ ಇಲ್ಲ. ಓದು ಬರಹದಲ್ಲೇ ಹಿಂದುಳಿದ ಜಿಲ್ಲೆಗೆ ಸಂಗೀತದ ಮಾತೇಕೆ ಎನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ಮಳೆಯನ್ನೇ ನಂಬಿದ ಮಸ್ಕಿಯ ಹಳ್ಳಿಗಳಿಂದ ಪ್ರತಿ ವರ್ಷ ಕುಟುಂಬಗಳು ಬೆಂಗಳೂರಿನ ಕಡೆ ಗುಳೆ ಹೋಗುತ್ತವೆ, ಮಕ್ಕಳೂ ಹೋಗುತ್ತಾರೆ. ತಿರುಗಿ ಬಂದಾಗ ಲೆಕ್ಕದಲ್ಲಿ, ಇಂಗ್ಲಿಷಿನಲ್ಲಿ ಹಿಂದೆ ಬಿದ್ದ ಮಗು ಶಾಲೆಯ ಬಾಗಿಲಲ್ಲಿ ಹಿಂಜರಿದು ನಿಲ್ಲುತ್ತದೆ. ಅಂಥ ಮಗುವಿಗೆ ಮೊದಲ ದಿನವೇ ಕೂಡಿಕೊಳ್ಳಲು ಬರುವ ಒಂದು ಸಾಲು ಶಾಲೆಯಲ್ಲಿರಬೇಕು. ತಾಳ ಬಲ್ಲ ಕೈಗೆ ಆ ಸಾಲಿನಲ್ಲಿ ಜಾಗ ಕೂಡಲೇ ಸಿಗುತ್ತದೆ.

ಸಮುದಾಯ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಗದಗ ದೂರದ ಊರಲ್ಲ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಜೋಳಿಗೆ ಹಿಡಿದು, ಊರೂರು ತಿರುಗಿ, ನಾಟಕ ಆಡಿಸಿ, ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ವಿದ್ಯೆ, ಸಂಗೀತ ಮೂರನ್ನೂ ಕೊಟ್ಟರು. ಅವರ ನಂತರ ವೀರೇಶ್ವರ ಪುಣ್ಯಾಶ್ರಮವನ್ನು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳು ಹಿಂದುಸ್ತಾನಿ, ಕರ್ನಾಟಕಿ ಎರಡೂ ಪದ್ಧತಿಗಳನ್ನು ಕಲಿಸಿದರು. ಅಲ್ಲಿ ಜಾತಿ ಕೇಳಿ ಪಾಠ ಹೇಳಲಿಲ್ಲ, ಹಣ ಕೇಳಿ ಊಟ ಹಾಕಲಿಲ್ಲ. ಆಶ್ರಮದ ಖರ್ಚು ನಡೆದದ್ದು ನಮ್ಮಂಥ ಊರುಗಳ ಜೋಳದ ಚೀಲಗಳಿಂದ. ನಮ್ಮ ಕಾಲದಲ್ಲೇ, 2002ರಲ್ಲಿ, ಧಾರವಾಡದ ಬಳಿ ಕಲಕೇರಿ ಸಂಗೀತ ವಿದ್ಯಾಲಯ ಶುರುವಾಯಿತು. ಹಳ್ಳಿಯ ಬಡ ಮಕ್ಕಳಿಗೆ ಶಾಲೆಯ ಪಾಠದ ಜೊತೆಗೆ ಹಾಡುಗಾರಿಕೆ, ತಬಲಾ, ಸಿತಾರ್, ಬಾನ್ಸುರಿ, ಹಾರ್ಮೋನಿಯಂಗಳನ್ನು ಉಚಿತವಾಗಿ ಕಲಿಸುತ್ತದೆ. ಎರಡೂ ಕಡೆ ಕಾಣುವ ಸತ್ಯ ಒಂದೇ: ಸಂಗೀತ ಪ್ರತಿಭಾವಂತರಿಗೆ ಕೊಡುವ ಬಹುಮಾನವಲ್ಲ, ಎಲ್ಲ ಮಕ್ಕಳಿಗೂ ದಿನವೂ ಬಡಿಸಬೇಕಾದ ಊಟ. ಪ್ರತಿಭಾ ಕಾರಂಜಿಯಲ್ಲಿ ಗೆದ್ದ ಒಬ್ಬಳಿಗೆ ಚಪ್ಪಾಳೆ ತಟ್ಟುವ ನಾವು ವೇದಿಕೆಯನ್ನೇ ಏರದ ಉಳಿದವರ ಲೆಕ್ಕ ಇಟ್ಟಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ವಾರಕ್ಕೆ ಎರಡು ಪಿರಿಯಡ್ ಬ್ಯಾಂಡಿಗೆ, ಹಾಡಿಗೆ ಮೀಸಲಿಡಿ. ಡ್ರಮ್ಮು ನಾಲ್ಕೇ ಇದ್ದರೂ ಬೆಂಚು, ಡೆಸ್ಕು ಸಾಕಷ್ಟಿವೆ. ಎರಡು ಕಡ್ಡಿ ಕೊಟ್ಟರೆ ನಲವತ್ತು ಮಕ್ಕಳೂ ಅಲ್ಲೇ ಕೈ ಪಳಗಿಸಿಕೊಳ್ಳಬಹುದು, ಸರದಿಯಲ್ಲಿ ಡ್ರಮ್ಮಿಗೆ ಬರಬಹುದು. ಎರಡನೆಯದಾಗಿ, ಊರಿನ ಕಲಾವಿದರನ್ನು ಕರೆಯಿರಿ. ಸನಾದಿಯ ಭಜಂತ್ರಿ, ಹಲಗೆಯ ಹಿರಿಯ, ರಿವಾಯತ್ ಹಾಡುವ ಅಜ್ಜ, ಭಜನೆಯ ಹಾರ್ಮೋನಿಯಂ ಮಾಸ್ತರು, ಕ್ಯಾಂಪಿನ ಕೀರ್ತನೆಯ ತಾಯಿ, ಇವರೆಲ್ಲ ಅತಿಥಿ ಶಿಕ್ಷಕರಾಗಲಿ. ಆದರೆ ಒಂದು ಕರಾರು. ಅವರು ಬರುವುದು ಗುರುವಾಗಿ, ಕೂರುವುದು ಸ್ಟಾಫ್ ರೂಮಿನ ಕುರ್ಚಿಯಲ್ಲಿ, ಪಡೆಯುವುದು ಗೌರವಧನ. ಹಲಗೆ ಶಾಲೆಯೊಳಗೆ ಬರುವುದಾದರೆ ಅದನ್ನು ಎಲ್ಲ ಜಾತಿಯ ಮಕ್ಕಳೂ ಕಲಿಯಬೇಕು. ಆ ಕೇರಿಯ ಮಗುವಿಗೇ ಅದನ್ನು ಮತ್ತೆ ಕಟ್ಟುವುದಾದರೆ ಬರುವುದೇ ಬೇಡ. ಮೂರನೆಯದಾಗಿ, ಪಿ.ಟಿ. ಮಾಸ್ತರರಿಗೆ ನಾವು ಋಣಿಗಳಾಗಿರಬೇಕು. ಸಂಗೀತ ಕಲಿಯದ ಅವರೇ ಇಷ್ಟು ವರ್ಷ ಬ್ಯಾಂಡು ಉಳಿಸಿದ್ದಾರೆ. ಅವರಿಗೆ ರಜೆಯಲ್ಲಿ ಲಯದ, ಸ್ವರದ ಮೂಲ ತರಬೇತಿ ಕೊಡಿಸುವುದು ಇಲಾಖೆಯ ಕೆಲಸ.

ಹಣದ ಮಾತಿಗೆ ಬಂದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ನಮ್ಮ ಭಾಗದ ಶಾಲೆಗಳಿಗೆ ಕೊಠಡಿ ಕಟ್ಟಿಸುತ್ತಿದೆ, ಶಿಕ್ಷಣಕ್ಕೆಂದೇ ಅನುದಾನ ತೆಗೆದಿಡುತ್ತಿದೆ. ಕೊಠಡಿಯ ಖರ್ಚಿನ ಮುಂದೆ ಒಂದು ಜೊತೆ ಡ್ರಮ್ಮು, ಒಂದು ಹಾರ್ಮೋನಿಯಂ, ಒಬ್ಬ ಬೋಧಕರ ಗೌರವಧನ ದೊಡ್ಡ ಬಾಬತ್ತಲ್ಲ. ಕೇಳುವವರು ಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಪಾಲಕರೇ ಹೆಚ್ಚಾಗಿರುವ ಸಮಿತಿಯ (ಎಸ್‌ಡಿಎಂಸಿ) ಹಕ್ಕು. ಅದು ಬರೀ ಸಹಿ ಹಾಕುವ ಸಮಿತಿಯಲ್ಲ. ಓದುಗರಲ್ಲಿ ಎಸ್‌ಡಿಎಂಸಿ ಸದಸ್ಯರು ಅನೇಕರಿದ್ದೀರಿ. ಮುಂದಿನ ಸಭೆಯಲ್ಲಿ ಕಾಂಪೌಂಡು, ಶೌಚಾಲಯ, ಕುಡಿಯುವ ನೀರು ಎಲ್ಲವನ್ನೂ ಬರೆಯಿರಿ, ಅವು ಬೇಕೇಬೇಕು. ಅವುಗಳ ಕೆಳಗೆ ‘ಸಂಗೀತ ಬೋಧಕರು, ವಾರಕ್ಕೆ ಎರಡು ಪಿರಿಯಡ್, ಎಲ್ಲ ಮಕ್ಕಳಿಗೆ’ ಎಂಬ ಒಂದು ಸಾಲನ್ನೂ ಬರೆದು ಠರಾವು ಪಾಸು ಮಾಡಿಸಿ. ಹಾಗೆ ಬರೆದ ಶಾಲೆಗಳು ನಮಗೆ ತಿಳಿಸಿದರೆ ಅವುಗಳ ಹೆಸರನ್ನು ಈ ಪುಟದಲ್ಲೇ, ಮೊದಲ ಸಾಲಿನಲ್ಲಿ, ಹೆಮ್ಮೆಯಿಂದ ಅಚ್ಚು ಹಾಕುತ್ತೇವೆ.